ಮೈಸೂರಿನಲ್ಲಿದ್ದುಕೊಂಡು ಹಾಲಿವುಡ್ ಸಾಹಸಚಿತ್ರಕ್ಕೆ ಬರೆಯುವುದು ಹೇಗೆ

ಹಾಲಿವುಡ್ಡಿನ ಸಾಹಸಚಿತ್ರಗಳಿಗೆ ಚಿತ್ರಕಥೆ ಬರೆಯಬೇಕೆಂದು ಆಸೆಪಡುವ ಯುವಕ ಯುವತಿಯರು ಮೈಸೂರು, ಮಂಡ್ಯದ ಕಾಲೇಜುಗಳಲ್ಲಿ ಈಗ ಅಪರೂಪವೇನಲ್ಲ. ಅವರು ಮೊದಲು ಬರೆದು ತೋರಿಸುವ ಪುಟಗಳಲ್ಲಿ ಹೆಚ್ಚಾಗಿ ಹೊಡೆತಗಳ ವಿವರವೇ ತುಂಬಿರುತ್ತದೆ: ನಾಯಕ ಎಡಗೈಯಿಂದ ತಡೆದ, ಬಲಗಾಲಿನಿಂದ ಒದ್ದ, ಎದುರಾಳಿ ಗಾಜಿನ ಮೇಲೆ ಉರುಳಿದ. ಇದು ಚಿತ್ರಕಥೆಗಾರನ ಕೆಲಸವಲ್ಲ. ಆ ಹೊಡೆತಗಳನ್ನು ಕಟ್ಟುವವರು ಸಾಹಸ ನಿರ್ದೇಶಕರು. ನಾವು ಫೈಟ್ ಮಾಸ್ಟರ್ ಎಂದು ಕರೆಯುವವರು. ಒಬ್ಬ ವ್ಯಕ್ತಿಗೆ ಈ ಕ್ಷಣದಲ್ಲಿ ಏನು ಬೇಕಾಗಿದೆ, ಅದಕ್ಕೆ ಅಡ್ಡ ನಿಂತಿರುವುದು ಯಾರು ಅಥವಾ ಯಾವುದು, ಎಷ್ಟು ಹೊತ್ತಿನೊಳಗೆ ಅದು ಆಗಬೇಕು, ಆದ ಮೇಲೆ ಕಥೆ ಎಲ್ಲಿಗೆ ಬಂದು ನಿಂತಿತು ಎಂಬುದನ್ನು ಬರೆಯುವುದು ಚಿತ್ರಕಥೆಗಾರನ ಕೆಲಸ. ಇದು ಮನಸ್ಸಿಗೆ ಇಳಿಯದೆ ಏಜೆಂಟ್, ಒಪ್ಪಂದ, ವೀಸಾ ಎಂದು ಓಡಾಡುವುದರಿಂದ ಪ್ರಯೋಜನವಿಲ್ಲ.

ವಿಜಯದಶಮಿಯಂದು ಮೈಸೂರು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವನ್ನು ಈ ದೃಷ್ಟಿಯಿಂದ ಒಮ್ಮೆ ನೋಡಬೇಕು. ತಲೆ ಬೋಳಿಸಿಕೊಂಡ ಜಟ್ಟಿಗಳು ಕೈಗೆ ವಜ್ರಮುಷ್ಟಿ ಎಂಬ ಮೊನೆಗಳುಳ್ಳ ಆಯುಧ ತೊಟ್ಟು ಎದುರುಬದುರು ನಿಲ್ಲುತ್ತಾರೆ. ಎದುರಾಳಿಯ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯುತ್ತದೆ. ಅದು ಬಹಳ ಹೊತ್ತು ನಡೆಯುವುದೂ ಇಲ್ಲ. ಆದರೂ ಸುತ್ತ ನಿಂತವರು ಉಸಿರು ಬಿಗಿಹಿಡಿದು ನೋಡುತ್ತಾರೆ, ಏಕೆಂದರೆ ನಿಯಮ ಎಲ್ಲರಿಗೂ ಗೊತ್ತಿದೆ, ಮುಗಿಯುವ ಗುರುತು ಎಲ್ಲರಿಗೂ ಗೊತ್ತಿದೆ, ಅದು ಮುಗಿದ ಮೇಲೆಯೇ ರಾಜವಂಶಸ್ಥರ ವಿಜಯಯಾತ್ರೆ ಹೊರಡಬೇಕು ಎಂಬುದೂ ಗೊತ್ತಿದೆ. ಪರದೆಯ ಮೇಲೆ ಹತ್ತು ನಿಮಿಷ ನಡೆದರೂ ಬೇಸರ ತರಿಸುವ ಹೊಡೆದಾಟಗಳಲ್ಲಿ ಈ ಮೂರರಲ್ಲಿ ಒಂದಾದರೂ ತಪ್ಪಿಹೋಗಿರುತ್ತದೆ.

ಕಲಿಕೆಯನ್ನು ಓದಿನಿಂದ ಆರಂಭಿಸಬೇಕು. ಚಿತ್ರ ನೋಡುವುದೊಂದೇ ಸಾಲದು. ತೆರೆಕಂಡ ಅನೇಕ ಅಮೆರಿಕನ್ ಚಿತ್ರಗಳ ಚಿತ್ರಕಥೆಗಳು ಅಂತರ್ಜಾಲದಲ್ಲಿ ಓದಲು ಸಿಗುತ್ತವೆ, ಪ್ರಶಸ್ತಿಯ ಋತುವಿನಲ್ಲಿ ಸ್ಟುಡಿಯೋಗಳೇ ಕೆಲವನ್ನು ಹಂಚುತ್ತವೆ. ನಾನು ವಿದ್ಯಾರ್ಥಿಗಳಿಗೆ ಸೂಚಿಸುವ ಕ್ರಮ ಹೀಗಿದೆ: ಒಂದು ಸಾಹಸ ಸನ್ನಿವೇಶವನ್ನು ಮೊದಲು ಪುಟದಲ್ಲಿ ಓದಿ, ಅದು ಪರದೆಯ ಮೇಲೆ ಹೇಗೆ ಕಾಣಬಹುದೆಂದು ನಿಮ್ಮ ಮಾತಿನಲ್ಲಿ ಬರೆದಿಟ್ಟುಕೊಳ್ಳಿ, ಆಮೇಲೆ ಆ ಸನ್ನಿವೇಶವನ್ನು ನೋಡಿ, ಪುಟದಲ್ಲಿ ಇದ್ದದ್ದು ಯಾವುದು, ನಿರ್ದೇಶಕರೂ ಸ್ಟಂಟ್ ತಂಡದವರೂ ಸಂಕಲನಕಾರರೂ ಸೇರಿಸಿದ್ದು ಯಾವುದು ಎಂದು ಗೆರೆ ಎಳೆದು ಬೇರ್ಪಡಿಸಿ. ಕೆಲವು ಚಿತ್ರಗಳನ್ನು ಹೀಗೆ ಬಿಡಿಸಿ ನೋಡಿದವರಿಗೆ ತಮ್ಮ ಪಾಲಿನ ಕೆಲಸದ ಮೇರೆ ಕಣ್ಣಿಗೆ ಕಟ್ಟುತ್ತದೆ.

ಉದಾಹರಣೆಗೆ 1988ರ 'ಡೈ ಹಾರ್ಡ್' ಚಿತ್ರವನ್ನು ತೆಗೆದುಕೊಳ್ಳಬಹುದು. ರೊಡೆರಿಕ್ ಥಾರ್ಪ್ 1979ರಲ್ಲಿ ಪ್ರಕಟಿಸಿದ ಕಾದಂಬರಿಯೊಂದನ್ನು ಆಧರಿಸಿ ಜೆಬ್ ಸ್ಟುವರ್ಟ್ ಮತ್ತು ಸ್ಟೀವನ್ ಇ. ಡಿ ಸೋಜಾ ಅದರ ಚಿತ್ರಕಥೆ ಬರೆದರು. ಆರಂಭದಲ್ಲಿ ವಿಮಾನದ ಸಹಪ್ರಯಾಣಿಕನೊಬ್ಬ ನಾಯಕನಿಗೆ, ಪ್ರಯಾಣದ ದಣಿವು ಆರಲು ಬೂಟು ಕಳಚಿ ಬರಿಗಾಲಿನಲ್ಲಿ ಕಂಬಳಿಯ ಮೇಲೆ ಬೆರಳು ಮಡಚಿ ನಡೆಯಬೇಕೆಂದು ಹೇಳುತ್ತಾನೆ. ಕೇಳಲು ಅದು ಹರಟೆಯ ಮಾತು. ಆ ಮಾತನ್ನು ನಾಯಕ ಪಾಲಿಸಿದ ಹೊತ್ತಿಗೇ ದಾಳಿಕೋರರು ಅವನಿರುವ ಕಟ್ಟಡಕ್ಕೆ ನುಗ್ಗುತ್ತಾರೆ. ಮುಂದೆ ಇಡೀ ಚಿತ್ರದಲ್ಲಿ ಅವನು ಬರಿಗಾಲಿನಲ್ಲಿ ಓಡಬೇಕಾಗುತ್ತದೆ, ಒಡೆದ ಗಾಜಿನ ಮೇಲೂ ಓಡಬೇಕಾಗುತ್ತದೆ. ಬಂದೂಕಿನ ಗುಂಡುಗಳಿಗಿಂತ ಆ ಅಂಗಾಲುಗಳೇ ನೋಡುವವರನ್ನು ಹೆಚ್ಚು ನೋಯಿಸುತ್ತವೆ. ಸಾಹಸಚಿತ್ರದ ಬರವಣಿಗೆಯ ಕಸುಬು ಇಲ್ಲಿದೆ: ನಾಯಕನ ಬಲವನ್ನು ಹೆಚ್ಚಿಸುತ್ತ ಹೋಗುವುದರ ಬದಲು, ಕಥೆಯ ಒಳಗಿನ ಕಾರಣದಿಂದಲೇ ಅವನ ಕೈಯಲ್ಲಿರುವುದನ್ನು ಒಂದೊಂದಾಗಿ ಕಿತ್ತುಕೊಳ್ಳಬೇಕು. ಬಹುತೇಕ ಕಥೆ ಒಂದೇ ಕಟ್ಟಡದೊಳಗೆ ನಡೆಯುತ್ತದೆ ಎಂಬುದನ್ನೂ ಹೊಸಬರು ಗಮನಿಸಬೇಕು. ಸ್ಥಳ ಹೆಚ್ಚಿದಷ್ಟೂ, ರಾತ್ರಿಯ ಚಿತ್ರೀಕರಣ, ನೀರು, ಪ್ರಾಣಿ, ಜನಜಂಗುಳಿ ಸೇರಿದಷ್ಟೂ ಖರ್ಚು ಏರುತ್ತದೆ. ಹೆಸರಿಲ್ಲದ ಬರಹಗಾರನ ಕಥೆಗೆ ಅಷ್ಟು ಹಣ ಹಾಕಲು ಯಾರೂ ಸುಲಭವಾಗಿ ಮುಂದೆ ಬರುವುದಿಲ್ಲ.

ಮೊದಲ ಚಿತ್ರಕಥೆಯ ಸ್ಥಳವನ್ನು ಲಾಸ್ ಏಂಜಲೀಸ್ ಅಥವಾ ನ್ಯೂಯಾರ್ಕಿನಲ್ಲೇ ಇಡಬೇಕೆಂಬ ಹಟ ಬೇಡ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ಊರುಗಳ ಬೀದಿಗಳನ್ನು ಅಲ್ಲೇ ಹುಟ್ಟಿದವರು ನಮಗಿಂತ ಚೆನ್ನಾಗಿ ಬರೆಯುತ್ತಾರೆ. ಮಂಡ್ಯದ ಆಲೆಮನೆಯ ಒಳಗೆ ಬೆಂಕಿ ಹೇಗೆ ವರ್ತಿಸುತ್ತದೆ, ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ಏರಿಯ ಮೇಲೆ ಕಬ್ಬಿನ ಟ್ರ್ಯಾಕ್ಟರ್ ಎದುರಾದರೆ ಕಾರು ಎಲ್ಲಿಗೆ ಸರಿಯಬೇಕು, ದೇವರಾಜ ಮಾರುಕಟ್ಟೆಯ ಯಾವ ಓಣಿ ಯಾವ ರಸ್ತೆಗೆ ತೆರೆಯುತ್ತದೆ ಎಂಬುದು ಅವರಿಗೆ ಗೊತ್ತಿಲ್ಲ, ನಿಮಗೆ ಗೊತ್ತಿದೆ. ಕಾರಾಪುರದ ಆನೆಲಾಯದ ಹುಡುಗ ಸಾಬು 1937ರ 'ಎಲಿಫೆಂಟ್ ಬಾಯ್' ಚಿತ್ರದ ಮೂಲಕ ಹೊರಜಗತ್ತಿಗೆ ಪರಿಚಯವಾಗಿ, ಮುಂದೆ ಹಾಲಿವುಡ್ಡಿನ ತಾರೆಯಾದದ್ದು ಕೂಡ ಹೊರಗಿನವರು ಮೈಸೂರು ಸೀಮೆಯ ಕಾಡನ್ನೂ ಆನೆಗಳನ್ನೂ ಹುಡುಕಿಕೊಂಡು ಬಂದದ್ದರಿಂದಲೇ.

ಆಲೆಮನೆಯನ್ನೇ ತೆಗೆದುಕೊಂಡು ಒಂದು ಸನ್ನಿವೇಶವನ್ನು ಕಟ್ಟೋಣ. ರತ್ನ ಎಂಬ ಲೆಕ್ಕ ಬರೆಯುವ ಹುಡುಗಿ, ತನ್ನ ಅಣ್ಣನ ಕೊಲೆಗೆ ಸಾಕ್ಷಿಯಾದ ಒಂದು ಪೆನ್‌ಡ್ರೈವನ್ನು ಒಣಗಿದ ಕಬ್ಬಿನ ಸಿಪ್ಪೆಯ ರಾಶಿಯಲ್ಲಿ ಬಚ್ಚಿಟ್ಟಿದ್ದಾಳೆ. ಅದನ್ನು ತೆಗೆದುಕೊಳ್ಳಲು ರಾತ್ರಿ ಬರುತ್ತಾಳೆ. ಆದರೆ ಆ ಹೊತ್ತಿಗೆ ಗಾಣ ತಿರುಗುತ್ತಿದೆ, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿದೆ, ಒಲೆಗೆ ಉರಿ ಹಾಕುವವನು ಅದೇ ರಾಶಿಯಿಂದ ಸಿಪ್ಪೆ ಬಾಚಿ ಬೆಂಕಿಗೆ ತಳ್ಳುತ್ತಿದ್ದಾನೆ. ಬಾಗಿಲಲ್ಲಿ ಅವಳನ್ನು ಹಿಂಬಾಲಿಸಿ ಬಂದವನು ನಿಂತಿದ್ದಾನೆ. ಪುಟದಲ್ಲಿ ಇದು ಹೀಗೆ ಕಾಣಬೇಕು:

ಒಳಾಂಗಣ – ಆಲೆಮನೆ – ರಾತ್ರಿ

ಒಲೆಯ ಬೆಳಕು. ಹೊಗೆ. ಸಿಪ್ಪೆಯ ರಾಶಿ ಆಳೆತ್ತರ ಇದ್ದದ್ದು ಈಗ ಸೊಂಟದಷ್ಟಿದೆ.

ಕರಿಯಣ್ಣ ಒಂದು ತೆಕ್ಕೆ ಬಾಚುತ್ತಾನೆ. ಒಲೆಗೆ ತಳ್ಳುತ್ತಾನೆ. ಜ್ವಾಲೆ ಭುಗಿಲೇಳುತ್ತದೆ.

ರತ್ನ ಬಾಗಿಲ ಕಡೆ ನೋಡುತ್ತಾಳೆ. ಬಿಳಿ ಅಂಗಿಯವನು ಅಲ್ಲೇ ಇದ್ದಾನೆ.

ರತ್ನ: ಉರಿ ಜಾಸ್ತಿ ಆಯ್ತು ಕಣಣ್ಣ. ಪಾಕ ಸೀದೋಯ್ತದೆ.

ಕರಿಯಣ್ಣ: ಸುಮ್ನಿರವ್ವ. ನಂಗೊತ್ತಿಲ್ವಾ?

ಮತ್ತೊಂದು ತೆಕ್ಕೆ. ಅದರೊಳಗೆ ಏನೋ ಮಿನುಗುತ್ತದೆ.

ಇಲ್ಲಿ ಒಂದು ಹೊಡೆತವೂ ಬಿದ್ದಿಲ್ಲ, ಆದರೂ ಇದು ಸಾಹಸ ಸನ್ನಿವೇಶವೇ. ಗಡಿಯಾರದ ಬದಲು ರಾಶಿ ಕರಗುತ್ತಿದೆ. ಕರಿಯಣ್ಣ ಕೆಟ್ಟವನಲ್ಲ, ತನ್ನ ಕೆಲಸ ಮಾಡುತ್ತಿದ್ದಾನೆ. ಆದರೂ ಈ ಕ್ಷಣದಲ್ಲಿ ರತ್ನಳ ದೊಡ್ಡ ವೈರಿ ಅವನೇ. ಅವಳಾಡುವ ಮಾತು ಆಲೆಮನೆಯ ಒಳಗಿನವರು ಆಡುವಂಥದ್ದು, ಬಿಳಿ ಅಂಗಿಯವನಿಗೆ ಅನುಮಾನ ಬಾರದಂಥದ್ದು, ಕರಿಯಣ್ಣನ ಕೈ ತಡೆಯಲೆಂದೇ ಆಡಿದ್ದು. ಮುಂದೆ ಅವಳು ಒಲೆಯ ಬಾಯಿಗೆ ಕೈ ಹಾಕುತ್ತಾಳೋ, ಕೊಪ್ಪರಿಗೆಯ ಪಾಕವನ್ನು ಚೆಲ್ಲಿಸಿ ಎಲ್ಲರ ಗಮನ ಬೇರೆಡೆಗೆ ತಿರುಗಿಸುತ್ತಾಳೋ ಎಂಬ ಆಯ್ಕೆ ಅವಳು ಎಂಥವಳೆಂದು ತೋರಿಸುತ್ತದೆ. ಹಾಲಿವುಡ್ಡಿಗೆ ಇದನ್ನು ಇಂಗ್ಲಿಷಿನಲ್ಲೇ ಬರೆಯಬೇಕಾಗುತ್ತದೆ. ಅಲಂಕಾರದ ಇಂಗ್ಲಿಷ್ ಬೇಕಿಲ್ಲ, ವರ್ತಮಾನ ಕಾಲದ ಚಿಕ್ಕ ವಾಕ್ಯಗಳು ತಪ್ಪಿಲ್ಲದೆ ಬಂದರೆ ಸಾಕು. 1970ರ ದಶಕದಲ್ಲಿ ವಾಲ್ಟರ್ ಹಿಲ್ ಒಂದೆರಡು ಪದಗಳ ತುಂಡು ಸಾಲುಗಳಲ್ಲಿ ಚಿತ್ರಕಥೆ ಬರೆದು, ಸಾಹಸ ಚಿತ್ರಕಥೆಯ ಪುಟ ಕಾಣುವ ಬಗೆಯನ್ನೇ ಬದಲಿಸಿದರು. ಕ್ಯಾಮೆರಾ ಎಲ್ಲಿಡಬೇಕೆಂದು ಬರೆಯಬೇಡಿ. 'ಏನೋ ಮಿನುಗುತ್ತದೆ' ಎಂದು ಬರೆದರೆ ಹತ್ತಿರದ ಶಾಟ್ ಬೇಕೆಂಬುದು ನಿರ್ದೇಶಕರಿಗೆ ಅರ್ಥವಾಗುತ್ತದೆ.

ಪುಟದ ನಿಯಮಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಅಕ್ಷರಶೈಲಿ (ಫಾಂಟ್) ಕೊರಿಯರ್, ಗಾತ್ರ 12 ಪಾಯಿಂಟ್. ಕಾಗದದ ಅಳತೆ ನಮ್ಮ ಎ4 ಆಗಿರಬಾರದು, ಅಮೆರಿಕದ ಲೆಟರ್ ಅಳತೆ, ಅಂದರೆ 8.5 ಇಂಚು ಅಗಲ, 11 ಇಂಚು ಉದ್ದ ಇರಬೇಕು. ಈ ಅಳತೆಯಲ್ಲಿ ಒಂದು ಪುಟ ಪರದೆಯ ಮೇಲೆ ಸುಮಾರು ಒಂದು ನಿಮಿಷ ಎಂಬ ಲೆಕ್ಕ ಬಳಕೆಯಲ್ಲಿದೆ. ಹೊಸಬರ ಸಾಹಸ ಚಿತ್ರಕಥೆ 100ರಿಂದ 115 ಪುಟಗಳೊಳಗೆ ಮುಗಿದರೆ ಒಳ್ಳೆಯದು. ಫೈನಲ್ ಡ್ರಾಫ್ಟ್ ಎಂಬ ತಂತ್ರಾಂಶ ಅಲ್ಲಿ ಹೆಚ್ಚು ಬಳಕೆಯಲ್ಲಿದೆ, ಹಣ ಕೊಟ್ಟು ಕೊಳ್ಳಬೇಕು. ಕಲಿಯುವ ಹಂತದಲ್ಲಿ ಟ್ರೆಲ್ಬಿಯಂಥ ಉಚಿತ ತಂತ್ರಾಂಶವೇ ಸಾಕು.

ಮೊದಲ ಕರಡು ಮುಗಿದ ಮೇಲೆ ನಿಜವಾದ ಕೆಲಸ ಶುರುವಾಗುತ್ತದೆ. ಪ್ರತಿಯೊಂದು ಸಾಹಸ ಸನ್ನಿವೇಶವನ್ನೂ ಇಡಿಯಾಗಿ ತೆಗೆದುಹಾಕಿ, ಅದರ ಹಿಂದಿನ ಮತ್ತು ಮುಂದಿನ ದೃಶ್ಯಗಳನ್ನು ಜೋಡಿಸಿ ಓದಿ. ಕಥೆ ಎಲ್ಲೂ ಎಡವದೆ ಸಾಗಿದರೆ ಆ ಸನ್ನಿವೇಶ ಎಷ್ಟೇ ರೋಚಕವಾಗಿದ್ದರೂ ಬೇಡವಾದದ್ದು. ಅದನ್ನು ಬಿಡಿ, ಇಲ್ಲವೇ ಅದರ ಕೊನೆಯಲ್ಲಿ ಏನಾದರೂ ಬದಲಾಗುವಂತೆ ತಿದ್ದಿ. ಸಂಭಾಷಣೆಯನ್ನು ಬಾಯಿಬಿಟ್ಟು ಓದಿಸಿ ಕೇಳುವುದು ಅಷ್ಟೇ ಮುಖ್ಯ. ಮೈಸೂರಿನಲ್ಲಿ ಇದಕ್ಕೆ ಬೇಕಾದ ಅನುಕೂಲ ಇದೆ: 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಆರಂಭವಾದ ರಂಗಾಯಣದ ಸುತ್ತ ಬೆಳೆದ ನಟನಟಿಯರು, ಹವ್ಯಾಸಿ ತಂಡಗಳು ಈ ಊರಿನಲ್ಲಿ ಬಹಳ ಇವೆ. ನಾಲ್ಕು ಮಂದಿ ನಟರನ್ನು ಒಂದು ಸಂಜೆ ಕೂರಿಸಿ ಓದಿಸಿದರೆ ಯಾವ ಮಾತು ನಾಲಿಗೆಯ ಮೇಲೆ ನಿಲ್ಲುತ್ತದೆ, ಯಾವುದು ಕಾಗದದ ಮೇಲೆ ಮಾತ್ರ ಚೆನ್ನಾಗಿದೆ ಎಂಬುದು ಅಂದೇ ತಿಳಿಯುತ್ತದೆ. ಗರಡಿಮನೆಗೆ ಹೋಗಿ ಪೈಲ್ವಾನರು ಅಭ್ಯಾಸ ಮಾಡುವುದನ್ನು ನೋಡುವುದೂ ಒಳ್ಳೆಯದು; ದಣಿದ ದೇಹ ಹೇಗೆ ತಪ್ಪು ಮಾಡುತ್ತದೆ ಎಂಬುದನ್ನು ಅಲ್ಲಿ ಕಲಿತಷ್ಟು ಚಿತ್ರಗಳಿಂದ ಕಲಿಯಲಾಗುವುದಿಲ್ಲ.

ಚಿತ್ರಕಥೆಯನ್ನು ಹೊರಗೆ ಕಳಿಸುವ ಮೊದಲು ನೋಂದಾಯಿಸಿ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು, ಆದರೆ ವ್ಯಾಜ್ಯ ಬಂದಾಗ ದಿನಾಂಕವಿರುವ ದಾಖಲೆ ಬೇಕಾಗುತ್ತದೆ. ದೆಹಲಿಯ ಕಾಪಿರೈಟ್ ಕಚೇರಿಯಲ್ಲಿ ಸಾಹಿತ್ಯ ಕೃತಿಯಾಗಿ ನೋಂದಾಯಿಸಬಹುದು, ಮುಂಬೈಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ ಸದಸ್ಯರಾಗಿ ಅಲ್ಲಿಯೂ ನೋಂದಾಯಿಸಬಹುದು, ಅಮೆರಿಕದ ಬರಹಗಾರರ ಸಂಘವಾದ ರೈಟರ್ಸ್ ಗಿಲ್ಡ್ ವೆಸ್ಟ್ ನಡೆಸುವ ನೋಂದಣಿಯೂ ಸದಸ್ಯರಲ್ಲದವರಿಗೆ ತೆರೆದಿದೆ. ರಕ್ಷಣೆ ಸಿಗುವುದು ಬರೆದ ರೂಪಕ್ಕೆ ಮಾತ್ರ, ಬರಿಯ ಕಲ್ಪನೆಗಲ್ಲ ಎಂಬುದನ್ನು ನಮ್ಮ ಸುಪ್ರೀಂ ಕೋರ್ಟ್ 1978ರ ಆರ್.ಜಿ. ಆನಂದ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ಒಂದು ಸಾಲಿನ ಕಥೆಯನ್ನು ಬಚ್ಚಿಟ್ಟುಕೊಂಡು ಕೂರುವುದಕ್ಕಿಂತ ಪೂರ್ತಿ ಚಿತ್ರಕಥೆಯನ್ನು ಬರೆದು ಮುಗಿಸುವುದೇ ಹೆಚ್ಚಿನ ಭದ್ರತೆ.

ಹಾಲಿವುಡ್ಡಿನ ಸ್ಟುಡಿಯೋಗಳು, ಬರಹಗಾರನ ಪರವಾಗಿ ವ್ಯವಹರಿಸುವ ಏಜೆಂಟ್, ಮ್ಯಾನೇಜರ್ ಅಥವಾ ವಕೀಲರ ಮೂಲಕ ಬಾರದ ಚಿತ್ರಕಥೆಯನ್ನು ಸಾಮಾನ್ಯವಾಗಿ ತೆರೆದೂ ನೋಡುವುದಿಲ್ಲ. ಕಥೆ ಕದ್ದರೆಂಬ ಮೊಕದ್ದಮೆಯ ಭಯ ಅವರಿಗಿದೆ. ಹಾಗಾಗಿ ಅಂಚೆಯಲ್ಲೋ ಇಮೇಲಿನಲ್ಲೋ ಸ್ಟುಡಿಯೋಗೆ ನೇರವಾಗಿ ಕಳಿಸಿ ಕಾಯುವುದು ವ್ಯರ್ಥ. ಆಸ್ಕರ್ ನೀಡುವ ಅಕಾಡೆಮಿಯು ಚಿತ್ರಕಥೆಗಳ ಸ್ಪರ್ಧೆ ನಡೆಸಿ 1986ರಿಂದ ಕೊಡುತ್ತ ಬಂದಿರುವ ನಿಕೋಲ್ ಫೆಲೋಶಿಪ್ ಹೊಸಬರಿಗೆ ಇರುವ ಹೆಸರಾಂತ ಬಾಗಿಲು. ಅದರ ಪ್ರವೇಶದ ನಿಯಮಗಳು ಇತ್ತೀಚೆಗೆ ಬದಲಾಗಿರುವುದರಿಂದ ಆಯಾ ವರ್ಷದ ಪ್ರಕಟಣೆಯನ್ನು ನೋಡಿಕೊಂಡೇ ಮುಂದುವರಿಯಬೇಕು. ಫ್ರ್ಯಾಂಕ್ಲಿನ್ ಲೆನರ್ಡ್ 2005ರಲ್ಲಿ ಆರಂಭಿಸಿದ ಬ್ಲ್ಯಾಕ್ ಲಿಸ್ಟ್, ಇನ್ನೂ ಚಿತ್ರವಾಗದ ಮೆಚ್ಚಿನ ಚಿತ್ರಕಥೆಗಳ ವಾರ್ಷಿಕ ಪಟ್ಟಿಯಾಗಿ ಶುರುವಾಗಿ, ಈಗ ಯಾವ ದೇಶದವರೂ ಶುಲ್ಕ ಕೊಟ್ಟು ಚಿತ್ರಕಥೆ ಇರಿಸಿ ವಿಮರ್ಶೆ ಪಡೆಯಬಹುದಾದ ತಾಣವನ್ನೂ ನಡೆಸುತ್ತಿದೆ. ಇವೆರಡರ ಆಚೆಗೆ ನೂರಾರು ಸ್ಪರ್ಧೆಗಳು ಹಣ ಕೇಳುತ್ತವೆ. ಗೆದ್ದವರು ಮುಂದೆ ಏನಾದರೆಂದು ಹುಡುಕಿ ನೋಡದೆ ಯಾವುದಕ್ಕೂ ಹಣ ಕಟ್ಟಬೇಡಿ. ಓದಲು ಹಣ ಕೇಳುವ ಏಜೆಂಟರಿಂದ ದೂರವಿರಿ. ನಿಜವಾದ ಏಜೆಂಟ್ ನಿಮ್ಮ ಗಳಿಕೆಯಲ್ಲಿ ಶೇ 10 ಪಡೆಯುತ್ತಾರೆ, ಗಳಿಕೆ ಇಲ್ಲದಿದ್ದರೆ ಏನನ್ನೂ ಪಡೆಯುವುದಿಲ್ಲ.

ಮ್ಯಾನೇಜರುಗಳಿಗೆ ಬರೆಯುವ ಇಮೇಲ್ ನಾಲ್ಕೈದು ವಾಕ್ಯ ದಾಟಬಾರದು. ಅದರಲ್ಲಿ ಒಂದು ಅಥವಾ ಎರಡು ವಾಕ್ಯದ ಕಥಾಸಾರ ಇರಲೇಬೇಕು. ನಮ್ಮ ಉದಾಹರಣೆಗೆ: ಅಣ್ಣನ ಕೊಲೆಯ ಏಕೈಕ ಸಾಕ್ಷ್ಯವನ್ನು ಬೆಂಕಿಯಿಂದ ಕಾಪಾಡಿದ ಲೆಕ್ಕದ ಹುಡುಗಿ, ಕಬ್ಬಿನ ಗದ್ದೆಗಳ ನಡುವೆ ಬೆಳಗಾಗುವುದರೊಳಗೆ ಅದನ್ನು ನ್ಯಾಯಾಲಯಕ್ಕೆ ಮುಟ್ಟಿಸಬೇಕು, ಅವಳನ್ನು ಬೆನ್ನಟ್ಟಿರುವುದು ಅವಳ ಲೆಕ್ಕದ ಪುಸ್ತಕಗಳಿಂದಲೇ ಸಿರಿವಂತರಾದವರು. ಬಂದ ಚಿತ್ರಕಥೆಗಳನ್ನು ಓದಲೆಂದೇ ಅಲ್ಲಿನ ಕಂಪನಿಗಳು ಇಟ್ಟುಕೊಂಡಿರುವ ಉದ್ಯೋಗಿ ನಿಮ್ಮ ಚಿತ್ರಕಥೆಗೆ ಒಂದೆರಡು ಪುಟದ ವರದಿ ಬರೆದು, ತಿರಸ್ಕರಿಸಬೇಕೋ ಪರಿಗಣಿಸಬೇಕೋ ಶಿಫಾರಸು ಮಾಡಬೇಕೋ ಎಂದು ಸೂಚಿಸುತ್ತಾರೆ. ಹೆಚ್ಚಿನವು ತಿರಸ್ಕೃತವಾಗುತ್ತವೆ. ಆದರೆ ಚಿತ್ರಕಥೆಯನ್ನು ಕೊಳ್ಳದಿದ್ದರೂ ಬರಹಗಾರನನ್ನು ಮೆಚ್ಚಿ ಮಾತಿಗೆ ಕರೆಯುವುದು ಅಲ್ಲಿ ವಾಡಿಕೆ. ಆಗ ಕೇಳುವ ಮೊದಲ ಪ್ರಶ್ನೆಗಳಲ್ಲಿ ಬೇರೆ ಏನು ಬರೆದಿದ್ದೀರಿ ಎಂಬುದೂ ಒಂದು. ಎರಡನೆಯ ಚಿತ್ರಕಥೆ ಸಿದ್ಧವಿಲ್ಲದೆ ಮೊದಲನೆಯದನ್ನು ಯಾರಿಗೂ ಕಳಿಸಬೇಡಿ. ಭೇಟಿ ಈಗ ಹೆಚ್ಚಾಗಿ ವಿಡಿಯೋ ಕರೆಯಲ್ಲೇ ನಡೆಯುತ್ತದೆ; ಲಾಸ್ ಏಂಜಲೀಸಿನ ಬೆಳಿಗ್ಗೆ 10 ಗಂಟೆ ಎಂದರೆ ಅವರ ಬೇಸಿಗೆಯಲ್ಲಿ ನಮಗೆ ರಾತ್ರಿ 10.30, ಚಳಿಗಾಲದಲ್ಲಿ ರಾತ್ರಿ 11.30.

ಗಳಿಕೆಯ ಬಗ್ಗೆ ಹಳೆಯ ಕಥೆಗಳನ್ನು ನಂಬಿ ಕೂರಬಾರದು. ಶೇನ್ ಬ್ಲ್ಯಾಕ್ ಇಪ್ಪತ್ತರ ಹರೆಯದಲ್ಲಿ ಬರೆದ 'ಲೀಥಲ್ ವೆಪನ್' 2,50,000 ಡಾಲರಿಗೆ ಮಾರಾಟವಾಯಿತು, ಅದೇ ಬರಹಗಾರರ ಮತ್ತೊಂದು ಚಿತ್ರಕಥೆ 1994ರಲ್ಲಿ 40 ಲಕ್ಷ ಡಾಲರಿಗೆ ಹೋಯಿತು. ತಾನಾಗಿ ಬರೆದ ಚಿತ್ರಕಥೆಗೆ ಸ್ಟುಡಿಯೋಗಳು ಹರಾಜಿನಲ್ಲಿ ಕೂಗಾಡಿದ ಆ ಕಾಲ ಈಗಿಲ್ಲ. ಇಂದು ಹೆಚ್ಚಿನ ಕೆಲಸ ಸಿಗುವುದು ಸ್ಟುಡಿಯೋದ ಕೈಯಲ್ಲಿರುವ ಕಾದಂಬರಿ, ಕಾಮಿಕ್ಸ್, ಹಳೆಯ ಚಿತ್ರಗಳ ಮುಂದುವರಿಕೆಗೆ, ಮತ್ತು ಬೇರೆಯವರು ಬರೆದದ್ದನ್ನು ತಿದ್ದುವುದಕ್ಕೆ. ತಾನಾಗಿ ಬರೆದ ಚಿತ್ರಕಥೆ ಆ ಕೆಲಸಕ್ಕೆ ನಿಮ್ಮನ್ನು ಪರಿಚಯಿಸುವ ಮಾದರಿ. ಒಮ್ಮೊಮ್ಮೆ ನಿರ್ಮಾಪಕರು ಪೂರ್ತಿ ಕೊಳ್ಳದೆ, ಸಣ್ಣ ಮೊತ್ತ ಕೊಟ್ಟು ಒಂದು ಅಥವಾ ಒಂದೂವರೆ ವರ್ಷ ಚಿತ್ರಕಥೆಯನ್ನು ತಮಗಾಗಿ ಕಾಯ್ದಿರಿಸುತ್ತಾರೆ. ಅವಧಿ ಮುಗಿದ ಮೇಲೆ ಹಕ್ಕು ನಿಮಗೆ ಮರಳುತ್ತದೆಯೇ ಎಂಬ ಕಲಮನ್ನು ವಕೀಲರಿಂದ ಓದಿಸದೆ ಸಹಿ ಹಾಕಬೇಡಿ. ಹೊಟ್ಟೆಪಾಡಿಗೆ ಇಲ್ಲಿ ಒಂದು ಕೆಲಸ ಇಟ್ಟುಕೊಳ್ಳಿ. ಕನ್ನಡ ಚಿತ್ರರಂಗದಲ್ಲಿ ಸಹ ಬರಹಗಾರರಾಗಿ ದುಡಿದರೆ ಚಿತ್ರೀಕರಣದ ತಿಳಿವಳಿಕೆಯೂ ಬರುತ್ತದೆ. 2012ರ ತಿದ್ದುಪಡಿಯ ನಂತರ ನಮ್ಮ ಕಾಯ್ದೆಯೂ ಚಿತ್ರದಲ್ಲಿ ಬಳಕೆಯಾದ ಬರಹಕ್ಕೆ ಗೌರವಧನದ (ರಾಯಲ್ಟಿಯ) ಪಾಲನ್ನು ಬರಹಗಾರರ ಕೈತಪ್ಪದಂತೆ ಕಾಯುತ್ತದೆ.

ಅಮೆರಿಕಕ್ಕೆ ಹೋಗಿ ಕೆಲಸ ಮಾಡಲು ಪ್ರವಾಸಿ ವೀಸಾ ಸಲ್ಲದು. ಕಲಾವಿದರಿಗೆ, ಚಿತ್ರರಂಗದವರಿಗೆ ಓ-1 ಎಂಬ ವೀಸಾ ಇದೆ. ಅದಕ್ಕೆ ಅಲ್ಲಿನ ಸಂಸ್ಥೆ ಅಥವಾ ಏಜೆಂಟ್ ಅರ್ಜಿ ಹಾಕಬೇಕು, ನಿಮ್ಮ ಸಾಧನೆಗೆ ದಾಖಲೆ ಬೇಕು. ಮನೆಯಲ್ಲೇ ಕುಳಿತು ಬರೆದು ಡಾಲರಿನಲ್ಲಿ ಗಳಿಸುವವರು ಭಾರತ ಮತ್ತು ಅಮೆರಿಕದ ನಡುವಿನ ತೆರಿಗೆ ಒಪ್ಪಂದದ ಬಗ್ಗೆ ಲೆಕ್ಕಪರಿಶೋಧಕರನ್ನು ಮೊದಲೇ ಕೇಳಿಕೊಳ್ಳಬೇಕು.

ಕೊನೆಯದಾಗಿ ಗಿಲ್ಡ್ ಮತ್ತು ಹೆಸರಿನ ವಿಷಯ. ರೈಟರ್ಸ್ ಗಿಲ್ಡ್ ಜೊತೆ ಒಪ್ಪಂದವಿರುವ ಕಂಪನಿಗೆ ನಿಮ್ಮ ಚಿತ್ರಕಥೆ ಮಾರಾಟವಾದರೆ ಕನಿಷ್ಠ ಸಂಭಾವನೆ, ಆರೋಗ್ಯ ವಿಮೆ, ಪಿಂಚಣಿ, ಮರುಪ್ರಸಾರದ ಪಾಲು ಎಲ್ಲದಕ್ಕೂ ನಿಯಮವಿದೆ. 2023ರಲ್ಲಿ ಮೇ 2ರಿಂದ 148 ದಿನ ನಡೆದ ಮುಷ್ಕರದ ಫಲವಾಗಿ, ಕೃತಕ ಬುದ್ಧಿಮತ್ತೆ ಬರೆದದ್ದನ್ನು ಬರಹಗಾರನ ಕೃತಿಯೆಂದು ಪರಿಗಣಿಸುವಂತಿಲ್ಲ, ಅದನ್ನು ಬಳಸಲೇಬೇಕೆಂದು ಕಂಪನಿ ಒತ್ತಾಯಿಸುವಂತಿಲ್ಲ ಎಂಬ ನಿಯಮಗಳೂ ಸೇರಿವೆ. ಸಾಹಸಚಿತ್ರವನ್ನು ಒಬ್ಬರ ನಂತರ ಒಬ್ಬರು ತಿದ್ದುವುದು ಅಲ್ಲಿ ಸಾಮಾನ್ಯವಾದ್ದರಿಂದ, ಪರದೆಯ ಮೇಲೆ ಯಾರ ಹೆಸರು ಬರಬೇಕೆಂಬ ಜಗಳವೂ ಸಾಮಾನ್ಯ. 1994ರ 'ಸ್ಪೀಡ್' ಚಿತ್ರದಲ್ಲಿ ಹೆಸರು ಬಂದದ್ದು ಗ್ರಹಾಮ್ ಯೋಸ್ಟ್ ಅವರದು. ಸಂಭಾಷಣೆಯ ದೊಡ್ಡ ಭಾಗವನ್ನು ಬರೆದ ಜಾಸ್ ವೀಡನ್ ಅವರ ಹೆಸರು ಬರಲಿಲ್ಲ, ಯೋಸ್ಟ್ ಅವರೇ ಅದನ್ನು ಮುಕ್ತವಾಗಿ ಒಪ್ಪಿಕೊಂಡಿದ್ದಾರೆ. ವಿವಾದ ಬಂದರೆ ಗಿಲ್ಡಿನ ಮೂವರು ಬರಹಗಾರರು ಪಂಚರಾಗಿ ಕುಳಿತು, ಯಾರು ಬರೆದದ್ದೆಂದು ತಿಳಿಯದಂತೆ ಹೆಸರು ಮರೆಮಾಡಿದ ಕರಡುಗಳನ್ನು ಓದಿ ತೀರ್ಮಾನಿಸುತ್ತಾರೆ. ಸ್ವತಂತ್ರ ಕಥೆಯ ಚಿತ್ರಕಥೆಯಾದರೆ ನಂತರ ಬಂದವರು ಹೆಸರು ಪಡೆಯಲು ಅರ್ಧದಷ್ಟಾದರೂ ಬರೆದಿರಬೇಕು. ಆದ್ದರಿಂದ ಮೂಲ ಬರಹಗಾರನಿಗೆ ಅಲ್ಲಿ ಬಲವಾದ ರಕ್ಷಣೆ ಇದೆ. ಆ ರಕ್ಷಣೆ ದಕ್ಕಬೇಕಾದರೆ ಕಥೆ ನಿಮ್ಮದೆಂದು ತೋರಿಸುವ ಕಾಗದ ನಿಮ್ಮ ಕೈಯಲ್ಲಿರಬೇಕು: ಪ್ರತಿ ಕರಡನ್ನೂ ಮುಗಿದ ದಿನಾಂಕದೊಂದಿಗೆ ಬೇರೆಯೇ ಪಿಡಿಎಫ್ ಮಾಡಿ, ಯಾರಿಗೆ ಯಾವಾಗ ಕಳಿಸಿದಿರೆಂಬ ಇಮೇಲ್ ಸಮೇತ ಎರಡು ಕಡೆ ಉಳಿಸಿಡಿ, ಹಳೆಯ ಕರಡಿನ ಮೇಲೆ ಹೊಸದನ್ನು ಎಂದೂ ಬರೆಯಬೇಡಿ.